ಆರೋಪಿ ಪ್ಲೀ ಬಾರ್ಗೇನಿಂಗ್ (ತಪ್ಪು ಒಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ) ಅರ್ಜಿ ಹಾಕಿದ್ದಾನೆ, ಪೆಟ್ಟು ತಿಂದ ನಮಗೆ ಯಾರೂ ಹೇಳಿಲ್ಲ. ಏನು ಮಾಡೋದು?

ಬೆಟಗೇರಿ_ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪ ನೇಕಾರರು. ಕಳೆದ ಶ್ರಾವಣದಲ್ಲಿ ಗದಗ-ಹುಬ್ಬಳ್ಳಿ ರಸ್ತೆಯಲ್ಲಿ ಬೈಕ್ ಮೇಲೆ ಬರುವಾಗ ಗೂಡ್ಸ್ ಗಾಡಿಯೊಂದು ಹಿಂದಿನಿಂದ ಗುದ್ದಿತು. ಬಲಗಾಲು, ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದವು. ರಾಡ್ ಹಾಕಿದ್ದಾರೆ. ನಮ್ಮದು ಕುಣಿಮಗ್ಗ, ಕಾಲಿನಿಂದ ತುಳಿದೇ ನೇಯಬೇಕು. ಈಗ ಅಪ್ಪ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುತ್ತಾರೆ, ಕುಣಿಗೆ ಇಳಿಯೋದು ಅವ್ವ.

ಆವತ್ತು ನಾವೆಲ್ಲ ಆಸ್ಪತ್ರೆಯಲ್ಲಿದ್ದೆವು. ಹಾಗಾಗಿ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಟ್ಟಿದ್ದು ಅಣ್ಣಿಗೇರಿ ಕಾಕಾ. ಚಾರ್ಜ್‌ಶೀಟ್ ಆಗಿದೆ, ಬಿಎನ್‌ಎಸ್ 281 ಮತ್ತು 125(ಬಿ), ಅಂದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಡ್ಡಾದಿಡ್ಡಿ ಚಾಲನೆ ಮತ್ತು ಅದರಿಂದ ತೀವ್ರ ಗಾಯ. ಇನ್ಶೂರೆನ್ಸ್ ಕ್ಲೇಮು ಬೇರೆ ಕೋರ್ಟಿನಲ್ಲಿ ನಡೆದಿದೆ.

ಹೋದ ವಾರ ಕಾಕಾಗೆ ಒಂದು ಫೋನ್. "ಡ್ರೈವರ್ ಪ್ಲೀ ಬಾರ್ಗೇನಿಂಗ್ ಹಾಕಿದ್ದಾನೆ, ನಿಮ್ಮವರು ಬಂದು ಒಂದು ಸಹಿ ಮಾಡಿ ಹೋಗಲಿ." ನೋಟಿಸು ಇಲ್ಲ, ಏನಿಲ್ಲ. ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಜಡ್ಜ್ ಹತ್ತಿರ ಡ್ರೈವರ್ ಒಬ್ಬನನ್ನೇ ಒಳಗೆ ಕರೆದರು, ನಮ್ಮನ್ನು ಹೊರಗೆ ನಿಲ್ಲಿಸಿದರು. ಆಮೇಲೆ ಅವನ ವಕೀಲರು ವರಾಂಡದಲ್ಲೇ ಟೈಪ್ ಮಾಡಿದ ಹಾಳೆ ತೋರಿಸಿ "ಇಪ್ಪತ್ತೈದು ಸಾವಿರ ತಗೊಳ್ರಿ, ಮುಗಿಸಿಬಿಡೋಣ" ಅಂದರು. ಹಾಳೆಯ ಕೊನೆ ಸಾಲು: "ಇನ್ನು ಮುಂದೆ ಈ ಅಪಘಾತದ ಸಂಬಂಧ ನಮ್ಮದು ಯಾವ ತಕರಾರೂ ಇರುವುದಿಲ್ಲ." ಅಪ್ಪ ಪೆನ್ನು ಹಿಡಿದಿದ್ದರು, ನಾನು ಬೇಡ ಅಂದೆ.

ನನ್ನ ಪ್ರಶ್ನೆ ಇಷ್ಟೇ. ನಮ್ಮನ್ನು ಕೇಳಬೇಕು ಅಂತ ಕಾನೂನು ಇದೆಯಾ? ನಾವು ಬೇಡ ಅಂದರೆ ನಿಲ್ಲುತ್ತಾ?

ಗಿರ್ಮಿಟ್_ಪ್ರೇಮಿ
ಸಹಿ ಮಾಡದೆ ಬಂದಿದ್ದು ಒಳ್ಳೇದಾಯ್ತು ತಮ್ಮಾ. ವರಾಂಡದಲ್ಲಿ ಕೊಡುವ ಹಾಳೆಗೆ ಯಾವತ್ತೂ ಸಹಿ ಮಾಡಬಾರದು. ಅಪ್ಪ ಈಗ ಹೇಗಿದ್ದಾರೆ?

ಚಿಗರಿ_ಪ್ರಯಾಣಿಕ
ಇದರಲ್ಲೇನು ಹೊಸದು? ದುಡ್ಡು ಕೊಟ್ಟು ಕೇಸು ಮುಗಿಸೋದಕ್ಕೆ ಇಂಗ್ಲಿಷ್ ಹೆಸರು ಇಟ್ಟಿದ್ದಾರೆ ಅಷ್ಟೇ. ರಾಜಿ ಅಂದರೂ ಅದೇ, ಲೋಕ ಅದಾಲತ್ ಅಂದರೂ ಅದೇ.

ಕರಿಕೋಟು
ಅದೇ ಅಲ್ಲ ಸಾಹೇಬ್ರೇ. ನಾನು ಹುಬ್ಬಳ್ಳಿಯಲ್ಲಿ ಕ್ರಿಮಿನಲ್ ಕೇಸು ನೋಡುತ್ತೇನೆ, ಈ ಗೊಂದಲ ದಿನಾ ಕೇಳುತ್ತೇನೆ.

ರಾಜಿ ಆದರೆ ಆರೋಪಿ ಖುಲಾಸೆ. ಅವನ ಮೇಲೆ ಅಪರಾಧಿ ಅನ್ನೋ ಮುದ್ರೆ ಬೀಳುವುದಿಲ್ಲ. ಪ್ಲೀ ಬಾರ್ಗೇನಿಂಗ್‌ನಲ್ಲಿ ಅವನು ತಪ್ಪು ಒಪ್ಪಿಕೊಳ್ಳುತ್ತಾನೆ, ಅಪರಾಧಿ ಅಂತಲೇ ತೀರ್ಪಾಗುತ್ತದೆ, ಶಿಕ್ಷೆ ಮಾತ್ರ ಕಡಿಮೆ. ಮೂರನೆಯದು ಒಂದಿದೆ: ಮಾತುಕತೆಯೇ ಇಲ್ಲದೆ ಸೀದಾ "ತಪ್ಪಾಯ್ತು ಸ್ವಾಮಿ" ಅಂತ ಒಪ್ಪಿಕೊಂಡು ದಂಡ ಕಟ್ಟಿ ಹೋಗೋದು.

ಈಗ ಬೆಟಗೇರಿ ತಮ್ಮನ ವಿಷಯ. ಪ್ಲೀ ಬಾರ್ಗೇನಿಂಗ್ ನಮ್ಮಲ್ಲಿ ಜಾರಿಗೆ ಬಂದಿದ್ದು 5 ಜುಲೈ 2006ಕ್ಕೆ. ಆಗ ಸಿಆರ್‌ಪಿಸಿ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಹಳೇ ಸಂಹಿತೆಯಲ್ಲಿ 265ಎ ಇಂದ 265ಎಲ್ ವರೆಗೆ ಇತ್ತು. 1 ಜುಲೈ 2024ರಿಂದ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್ ಬಂತಲ್ಲ, ಅದರಲ್ಲಿ 289ರಿಂದ 300. ಏಳು ವರ್ಷದವರೆಗಿನ ಶಿಕ್ಷೆ ಇರುವ ಅಪರಾಧಕ್ಕೆ ಮಾತ್ರ. 125(ಬಿ)ಗೆ ಜಾಸ್ತಿ ಅಂದರೆ ಮೂರು ವರ್ಷ, ಹಾಗಾಗಿ ಅರ್ಜಿ ಹಾಕಬಹುದು. ದೋಷಾರೋಪ ನಿಗದಿಯಾದ 30 ದಿನದೊಳಗೆ ಹಾಕಬೇಕು.

ನಿಮ್ಮನ್ನು ಹೊರಗೆ ನಿಲ್ಲಿಸಿದ್ದು ಆ ಹಂತಕ್ಕೆ ಸರಿಯೇ. ಅರ್ಜಿಯನ್ನು ಸ್ವಂತ ಇಚ್ಛೆಯಿಂದ ಹಾಕಿದ್ದಾನಾ, ಮಾಲೀಕರೋ ಪೊಲೀಸರೋ ಹೆದರಿಸಿ ಹಾಕಿಸಿದ್ದಾರಾ ಅಂತ ಜಡ್ಜ್ ಆರೋಪಿಯನ್ನು ಒಬ್ಬನನ್ನೇ ಕೇಳಬೇಕು. ಆಗ ಬೇರೆ ಯಾರೂ ಇರುವ ಹಾಗಿಲ್ಲ.

ಅದು ಮುಗಿದ ಮೇಲಿನದ್ದು ನಿಮ್ಮ ಹಕ್ಕು. ಕಲಂ 291 ಓದಿ. ಪೊಲೀಸ್ ಕೇಸಾದರೆ ಕೋರ್ಟು ಒಪ್ಪಂದದ ಸಭೆಗೆ ಬನ್ನಿ ಅಂತ ನಾಲ್ಕು ಜನಕ್ಕೆ ನೋಟಿಸು ಕಳಿಸಬೇಕು: ಸರ್ಕಾರಿ ವಕೀಲರು, ತನಿಖೆ ಮಾಡಿದ ಅಧಿಕಾರಿ, ಆರೋಪಿ, ಸಂತ್ರಸ್ತ. ಕಳಿಸಿದರೆ ಕಳಿಸಬಹುದು ಅಂತಲ್ಲ, ಕಳಿಸಲೇಬೇಕು. ಆ ಸಭೆಯಲ್ಲಿ ಪರಿಹಾರ ಎಷ್ಟು, ಕೇಸಿನ ಖರ್ಚು ಎಷ್ಟು ಅಂತ ಮಾತಾಗಬೇಕು. ವರಾಂಡದಲ್ಲಿ ಆಗಿದ್ದಕ್ಕೆ ಈ ಕಾನೂನಿನಲ್ಲಿ ಜಾಗವೇ ಇಲ್ಲ.

ಬೆಟಗೇರಿ_ಹುಡುಗ
ಧನ್ಯವಾದ ಸರ್. ಅಂದರೆ ನೋಟಿಸು ಕಾಕಾಗೆ ಬರಬೇಕೋ ಅಪ್ಪನಿಗೋ? ಫೋನ್ ಬಂದಿದ್ದು ಕಾಕಾಗೆ.

ಕರಿಕೋಟು
ಇಲ್ಲೇ ಎಡವಟ್ಟಾಗೋದು. ಅರ್ಜಿ ಬಂದ ಕೂಡಲೇ ಮೊದಲ ನೋಟಿಸು ಸರ್ಕಾರಿ ವಕೀಲರಿಗೆ ಅಥವಾ ಫಿರ್ಯಾದಿಗೆ. ಸಭೆಯ ನೋಟಿಸು ಸಂತ್ರಸ್ತನಿಗೆ. ಫಿರ್ಯಾದಿ ನಿಮ್ಮ ಕಾಕಾ, ಸಂತ್ರಸ್ತ ನಿಮ್ಮಪ್ಪ. ಇಬ್ಬರೂ ಒಂದೇ ಅಂದುಕೊಂಡರೆ ಕೆಲಸ ಕೆಟ್ಟಿತು. ಕಾಕಾ ಬಂದು ಸಹಿ ಮಾಡಿದ್ದರೆ "ಅವರ ಕಡೆಯವರು ಒಪ್ಪಿದ್ದಾರೆ" ಅಂತ ಆಗಿಬಿಡುತ್ತಿತ್ತು.

ಕೋರ್ಟ್_ಡ್ಯೂಟಿ
ನಾನು ಇಲಾಖೆಯವನು, ಹೆಸರು ಕೇಳಬೇಡಿ. ನಮ್ಮ ಕಡೆಯಿಂದಲೂ ಒಂದು ಮಾತು.

ಚಾರ್ಜ್‌ಶೀಟಿನ ಸಾಕ್ಷಿ ಪಟ್ಟಿಯಲ್ಲಿ ಒಂದನೇ ಹೆಸರು ಫಿರ್ಯಾದಿಯದ್ದು. ಫೋನ್ ನಂಬರ್ ಪಕ್ಕಾ ಇರೋದು ಅವರದ್ದೇ. ಗಾಯಾಳು ಎರಡನೆಯವನೋ ಐದನೆಯವನೋ ಆಗಿರುತ್ತಾನೆ. ಆಸ್ಪತ್ರೆ ಮಂಚದ ಮೇಲೆ ಹೇಳಿಕೆ ತಗೊಂಡಿರುತ್ತೇವೆ, ವಿಳಾಸ ಅರ್ಧ. ನೋಟಿಸು ನಮ್ಮ ಕೈಗೆ ಬರುವಾಗ ತಾರೀಖು ನಾಳೆಯೋ ನಾಡಿದ್ದೋ. ಅದರ ಮಧ್ಯೆ ಬಂದೋಬಸ್ತು, ವಾರಂಟು, ಗಣಪತಿ ಹಬ್ಬ. ಆಗ ಏನು ಮಾಡ್ತೀವಿ? ಗೊತ್ತಿರುವ ನಂಬರಿಗೆ ಫೋನ್ ಮಾಡ್ತೀವಿ.

ಸಮರ್ಥನೆ ಮಾಡ್ತಾ ಇಲ್ಲ. ಕೇಸು ಆದ ಮೊದಲ ವಾರವೇ ಗಾಯಾಳುವಿನ ಪೂರ್ತಿ ವಿಳಾಸ, ಸ್ವಂತ ನಂಬರ್ ಬರೆದು ಸ್ಟೇಷನ್‌ಗೆ ಒಂದು ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಅರ್ಧ ತೊಂದರೆ ತಪ್ಪುತ್ತೆ.

ಚಿಗರಿ_ಪ್ರಯಾಣಿಕ
ಸೀಲ್ ಹಾಕಿಸಿಕೊಳ್ಳೋದಕ್ಕೇ ನಾಲ್ಕು ಸಲ ಅಲೆಯಬೇಕು, ಅದನ್ನೂ ಹೇಳಿ ಸಾಹೇಬ್ರೇ.

ಕೋರ್ಟ್_ಡ್ಯೂಟಿ
ಹಾಗಾದರೆ ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಇದ್ದರೆ ಸಾಕು.

ಹಾನಗಲ್_ಅಕ್ಕ
ನಮ್ಮ ಮನೆಯಲ್ಲಿ ಆಗಿದ್ದು ಹೇಳ್ತೀನಿ. ನಮ್ಮ ಮನೆಯವರು ರಸ್ತೆ ಅಪಘಾತದಲ್ಲಿ ಹೋದರು. ಮಕ್ಕಳು ಸಣ್ಣವರು. ಕ್ರಿಮಿನಲ್ ಕೇಸು ಎಲ್ಲಿಗೆ ಬಂತು ಅಂತ ವಿಚಾರಿಸುವಷ್ಟು ತ್ರಾಣ ಯಾರಿಗಿತ್ತು? ಇನ್ಶೂರೆನ್ಸ್ ಕೇಸಿನ ವಕೀಲರು ಕಾಗದಪತ್ರ ತರಿಸಿದಾಗ ಗೊತ್ತಾಯಿತು, ಗಾಡಿಯವನು ಎಂದೋ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗಿದ್ದ. ಸರ್ಟಿಫೈಡ್ ಕಾಪಿಯಲ್ಲಿ ನಮ್ಮ ಮನೆಯವರ ಹೆಸರು ಒಂದೇ ಕಡೆ ಇತ್ತು, ಅದೂ ತಪ್ಪು ಕಾಗುಣಿತ.

ದುಡ್ಡಿನ ಮಾತಲ್ಲ. ಅವನಿಗೆ ಜೈಲಾಗಲಿ ಅಂತಲೂ ನನಗಿರಲಿಲ್ಲ. ಆವತ್ತು ಕೋರ್ಟಿನಲ್ಲಿ ನಿಂತು ಎರಡು ಮಾತು ಹೇಳಬೇಕಿತ್ತು ಅಂತ ಇವತ್ತಿಗೂ ಅನಿಸುತ್ತೆ.

ಗಿರ್ಮಿಟ್_ಪ್ರೇಮಿ
ಅಕ್ಕಾರೇ, ಏನು ಹೇಳಬೇಕು ಗೊತ್ತಾಗ್ತಿಲ್ಲ.

ಧಾರವಾಡ_ಬೆಂಚ್
ಹಾನಗಲ್ ಅಕ್ಕನವರು ಹೇಳಿದ್ದೇ ನಮ್ಮ ಕಡೆ ಜಾಸ್ತಿ ನಡೆಯೋದು. ಅವರದ್ದು ಪ್ಲೀ ಬಾರ್ಗೇನಿಂಗ್ ಅಲ್ಲ, ಸೀದಾ ತಪ್ಪೊಪ್ಪಿಗೆ. ಅದಕ್ಕೆ ಸಂತ್ರಸ್ತರಿಗೆ ನೋಟಿಸು ಕೊಡಬೇಕು ಅಂತ ಆ ಕಲಮಿನಲ್ಲಿ ಎಲ್ಲೂ ಬರೆದಿಲ್ಲ. ಪೆಟ್ಟು ತಿಂದವರಿಗೆ ಸಭೆಯಲ್ಲಿ ಕುರ್ಚಿ ಹಾಕಿಕೊಟ್ಟ ಕಾನೂನನ್ನು ಬಳಸುವವರೇ ಕಡಿಮೆ. ಕುರ್ಚಿ ಇಲ್ಲದ ದಾರಿಯಲ್ಲಿ ದಿನಾ ಕೇಸುಗಳು ಮುಗಿಯುತ್ತವೆ. ನನ್ನ ಸಿಟ್ಟು ಇರೋದು ಇದರ ಮೇಲೆ.

ಕರಿಕೋಟು ಸರ್ ಒಂದು ವಿಷಯ ಬಿಟ್ಟರು. 291ರಲ್ಲಿ ಪೊಲೀಸ್ ಕೇಸಿಗೆ "ಆರೋಪಿ ಬೇಕಾದರೆ ತನ್ನ ವಕೀಲರ ಜೊತೆ ಬರಬಹುದು" ಅಂತಿದೆ. ಸಂತ್ರಸ್ತನ ವಕೀಲರ ಮಾತು ಅಲ್ಲಿಲ್ಲ. ಖಾಸಗಿ ಫಿರ್ಯಾದಿನ ಕೇಸಾದರೆ ಮಾತ್ರ ಇಬ್ಬರಿಗೂ ವಕೀಲರು ಅಂತ ಬರೆದಿದ್ದಾರೆ. ಅಂದರೆ ಟೇಬಲ್ಲಿನ ಆ ಕಡೆ ಡ್ರೈವರ್ ಮತ್ತು ಅವನ ವಕೀಲರು, ಈ ಕಡೆ ಊರುಗೋಲು ಹಿಡಿದ ನೇಕಾರ ಒಬ್ಬನೇ. ಸರ್ಕಾರಿ ವಕೀಲರು ಇರುತ್ತಾರೆ, ನಿಜ. ಆದರೆ ಅವರ ಮುಂದೆ ಆವತ್ತು ಇನ್ನೂ ಎಷ್ಟೋ ಫೈಲು.

ಕರಿಕೋಟು
ಮೇಡಂ ಹೇಳಿದ್ದು ಸರಿ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅದೇ ಬಿಎನ್‌ಎಸ್‌ಎಸ್ ಕಲಂ 18ರಲ್ಲಿ ಸರ್ಕಾರಿ ವಕೀಲರಿಗೆ ನೆರವಾಗೋಕೆ ಸಂತ್ರಸ್ತ ತನ್ನ ವಕೀಲರನ್ನು ಇಟ್ಟುಕೊಳ್ಳಬಹುದು, ಕೋರ್ಟು ಅನುಮತಿ ಕೊಡಬೇಕು ಅಷ್ಟೇ. ಒಂದು ಮೆಮೋ ಹಾಕಿ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ರಾಣೆಬೆನ್ನೂರು_ಲೋಡ್
ಎಲ್ಲರೂ ಡ್ರೈವರ್ ಡ್ರೈವರ್ ಅಂತೀರಿ, ನಾನೂ ಡ್ರೈವರೇ. ಸಿಟ್ಟಾಗಬೇಡಿ.

ಒಂದು ಕೇಸಿಗೆ ವರ್ಷಗಟ್ಟಲೆ ತಾರೀಖು ಮಾಡಿದ್ದೇನೆ. ತಾರೀಖು ಇದ್ದ ದಿನ ಲೋಡು ಇಲ್ಲ, ಲೋಡು ಇಲ್ಲದ ದಿನ ಕೂಲಿ ಇಲ್ಲ. ಬಾರದೆ ಇದ್ದರೆ ವಾರಂಟು. ಮಾಲೀಕರು ಮೊದಲು ಜಾಮೀನಿಗೆ ಬಂದವರು ಆಮೇಲೆ ಫೋನೇ ಎತ್ತಲಿಲ್ಲ. ವಕೀಲರು "ಒಪ್ಪಿಕೊಂಡು ಬಿಡು" ಅಂದರೆ ನಮ್ಮಂಥವರು ತಪ್ಪಿರಲಿ ಬಿಡಲಿ ಒಪ್ಪಿಕೊಳ್ತೀವಿ. ಇಪ್ಪತ್ತೈದು ಸಾವಿರ ಕೊಡ್ತೀನಿ ಅಂದನಲ್ಲ, ಅದು ಅವನ ಜೇಬಿನದ್ದೋ ಮಾಲೀಕರದ್ದೋ ವಿಚಾರಿಸಿದ್ದೀರಾ?

ಬೆಟಗೇರಿ_ಹುಡುಗ
ಅಣ್ಣಾ, ನಿಮ್ಮ ಮಾತಿಗೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಆ ಡ್ರೈವರ್ ಅಪ್ಪನ ಕಾಲು ನೋಡಿ ತಲೆ ತಗ್ಗಿಸಿದ. ಮಾತಾಡೋಕೆ ಬಂದಿದ್ದ, ಅವನ ವಕೀಲರೇ ತಡೆದರು. ಮಾಲೀಕರು ಇವತ್ತಿನವರೆಗೂ ಮುಖ ತೋರಿಸಿಲ್ಲ.

ಚಿಗರಿ_ಪ್ರಯಾಣಿಕ
ತಲೆ ತಗ್ಗಿಸಿದರೆ ಕಾಲು ಬರುತ್ತಾ? ಮೂರು ವರ್ಷ ಒಳಗೆ ಹಾಕಬೇಕು.

ಕರಿಕೋಟು
ಮೂರು ವರ್ಷ ಅನ್ನೋದು ಗರಿಷ್ಠ ಮಿತಿ. ಹತ್ತು ಸಾವಿರದವರೆಗಿನ ದಂಡವಷ್ಟೇ ಹಾಕಿಯೂ ಬಿಡಬಹುದು, ಕಲಮಿನಲ್ಲಿ "ಅಥವಾ" ಇದೆ. ಇನ್ನು ಪ್ಲೀ ಬಾರ್ಗೇನಿಂಗ್ ಆದರೆ ಲೆಕ್ಕ ಹೀಗೆ: ಕನಿಷ್ಠ ಶಿಕ್ಷೆ ಇಲ್ಲದ ಅಪರಾಧಕ್ಕೆ ಕಾನೂನು ಹೇಳುವ ಶಿಕ್ಷೆಯ ನಾಲ್ಕನೇ ಒಂದು ಭಾಗ, ಅಂದರೆ ಇಲ್ಲಿ ಒಂಬತ್ತು ತಿಂಗಳು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿಲ್ಲದವನಾದರೆ ಆರನೇ ಒಂದು ಭಾಗ, ಆರು ತಿಂಗಳು. ಈ ಆರನೇ ಒಂದು ಭಾಗ ಹೊಸ ಕಾನೂನಿನಲ್ಲಿ ಸೇರಿದ್ದು. ನಡತೆ ನೋಡಿ ಪ್ರೊಬೇಷನ್ ಮೇಲೆ ಬಿಡುವುದಕ್ಕೂ ಅವಕಾಶ ಇದೆ.

ಮಾಸ್ತರ್_ಹಾವೇರಿ
ಇದರ ಹಿಂದಿನ ಕಥೆ ಗೊತ್ತಿದ್ದರೆ ಡ್ರೈವರ್ ತಮ್ಮನ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. 2006ಕ್ಕೆ ಮೊದಲು ಇಂಥ ಚೌಕಾಸಿಗೆ ಕಾನೂನಿನಲ್ಲಿ ಜಾಗ ಇರಲಿಲ್ಲ. ಆದರೂ ಒಳಗೊಳಗೆ ನಡೆಯುತ್ತಿತ್ತು. ಹಾಗೆ ಸುಪ್ರೀಂ ಕೋರ್ಟ್ ಮುಟ್ಟಿದ ಕೇಸುಗಳಲ್ಲಿ ನಮ್ಮ ರಾಜ್ಯದ್ದೂ ಒಂದಿದೆ, ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ. ಅದೂ ನಿರ್ಲಕ್ಷ್ಯದ ಚಾಲನೆಯಿಂದ ಸಾವಾದ ಕೇಸೇ, ಹಳೇ ಐಪಿಸಿಯ 304ಎ. ತಪ್ಪು ಒಪ್ಪಿಕೊಂಡರೆ ದಂಡದಲ್ಲಿ ಮುಗಿಯುತ್ತೆ ಅಂತ ಒಪ್ಪಿಸಿದರು. ಅಪೀಲಿನಲ್ಲಿ ಶಿಕ್ಷೆ ಜಾಸ್ತಿ ಮಾಡಿದರು. ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಶಿಕ್ಷೆ ಏರಿಸೋದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಆರೋಪಿಗೆ ಮೋಸ ಆಗಬಾರದು ಅಂತಲೇ ಈಗಿನ ಅಫಿಡವಿಟ್ಟು, ಜಡ್ಜ್ ಒಬ್ಬನನ್ನೇ ಕೇಳೋದು ಎಲ್ಲ ಬಂದಿದ್ದು. ಅಲ್ಲಿ ಹೇಳಿದ ಮಾತನ್ನು ಬೇರೆ ಯಾವ ಕೆಲಸಕ್ಕೂ ಬಳಸುವಂತಿಲ್ಲ ಅಂತಲೂ ಇದೆ.

ಬ್ಯಾಡಗಿ_ಖಾರ
ಒಂದು ಅನುಮಾನ. ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿಯ ಬೋರಮಾಳ ಕಿತ್ತುಕೊಂಡು ಹೋದರು. ಕಳ್ಳ ಸಿಕ್ಕಿದ್ದಾನೆ. ಅವನೂ ಹೀಗೆ ಅರ್ಜಿ ಹಾಕಿ ಬಚಾವಾಗಬಹುದಾ?

ಧಾರವಾಡ_ಬೆಂಚ್
ಇಲ್ಲ. ಹೆಣ್ಣುಮಕ್ಕಳ ಮೇಲೆ, ಮಕ್ಕಳ ಮೇಲೆ ಮಾಡಿದ ಅಪರಾಧಕ್ಕೆ ಪ್ಲೀ ಬಾರ್ಗೇನಿಂಗ್ ಇಲ್ಲ. ಶಿಕ್ಷೆ ಮೂರೇ ವರ್ಷ ಇದ್ದರೂ ಇಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇವನ್ನೂ 2006ರಲ್ಲೇ ಕೇಂದ್ರ ಸರ್ಕಾರ ಹೊರಗಿಟ್ಟಿತು.

ಇಲ್ಲಿ ಒಂದು ಮಜಾ ನೋಡಿ. ದೌರ್ಜನ್ಯ ತಡೆ ಕಾಯ್ದೆಯಲ್ಲಿ 15ಎ ಅಂತ ಒಂದು ಕಲಂ ಇದೆ, 2016ರ ಜನವರಿಯಿಂದ ಜಾರಿಯಲ್ಲಿದೆ. ಬೇಲ್ ಇರಲಿ, ಬಿಡುಗಡೆ ಇರಲಿ, ಶಿಕ್ಷೆ ಇರಲಿ, ಪ್ರತಿ ಹಂತದಲ್ಲೂ ನೊಂದವರಿಗೆ ಮೊದಲೇ ತಿಳಿಸಬೇಕು, ಅವರ ಮಾತು ಕೇಳಬೇಕು. 2021ರಲ್ಲಿ ಸುಪ್ರೀಂ ಕೋರ್ಟ್ ಇದು ಕಡ್ಡಾಯ ಅಂತ ಹೇಳಿ, ನೋಟಿಸು ಕೊಡದೆ ಕೊಟ್ಟ ಬೇಲನ್ನೇ ಒಪ್ಪಲಿಲ್ಲ. ತಿಳಿಸುವ ಹಕ್ಕನ್ನು ಇಷ್ಟು ಬಿಡಿಸಿ ಬರೆದ ಕಾಯ್ದೆಯಲ್ಲಿ ಚೌಕಾಸಿಯೇ ಇಲ್ಲ! ಅದೇ ಮಾತನ್ನು ಉಳಿದ ಕೇಸುಗಳಿಗೂ ಬರೆಯೋಕೆ ಏನು ಕಷ್ಟ?

ಹಾನಗಲ್_ಅಕ್ಕ
ಹೆಣ್ಣುಮಕ್ಕಳ ಕೇಸಿಗೆ ಇಲ್ಲ ಅಂದಿದ್ದು ಒಳ್ಳೇದೇ ಬಿಡಿ ಮೇಡಂ. ಇದ್ದಿದ್ದರೆ ಮನೆಯ ಹಿರಿಯರೇ ಕೂರಿಸಿ ಸಹಿ ಮಾಡಿಸುತ್ತಿದ್ದರು.

ಧಾರವಾಡ_ಬೆಂಚ್
ಅಕ್ಕಾರೇ, ಅರ್ಧ ಒಪ್ತೀನಿ. ನನ್ನ ಹತ್ತಿರ ಬರುವ ಕೆಲವರು "ನನಗೆ ಈ ಕೋರ್ಟು ಸಾಕು, ಅವನು ತಪ್ಪು ಒಪ್ಪಿಕೊಂಡರೆ ಸಾಕು" ಅಂತಾರೆ. ಅವರಿಗೂ ದಾರಿ ಇಲ್ಲ. ಅವರ ಪರವಾಗಿ ಬೇಡ ಅಂತ ತೀರ್ಮಾನ ಮಾಡಿದ್ದು ಬೇರೆ ಯಾರೋ, ಅಲ್ವಾ?

ಹಾನಗಲ್_ಅಕ್ಕ
ಇರಬಹುದು. ಆದರೂ ನಾನು ನೋಡಿದ ಊರಿನಲ್ಲಿ ಅದು ಬೇಡವೇ ಬೇಡ.

ಸಾಧನಕೇರಿ_ಪರದೇಶಿ
ಅಮೆರಿಕದಿಂದ ಬರೆಯುತ್ತಿದ್ದೇನೆ, ಮೂಲ ಧಾರವಾಡ. ಇಲ್ಲಿ ಕ್ರಿಮಿನಲ್ ಕೇಸುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ತಪ್ಪೊಪ್ಪಿಗೆಯಲ್ಲೇ ಮುಗಿಯುತ್ತವೆ. ವಿಚಾರಣೆ ನಡೆಯೋದೇ ಅಪರೂಪ. ಅದಕ್ಕೇ ಸಂತ್ರಸ್ತರ ಹಕ್ಕಿನ ಜಗಳ ಪೂರ್ತಿ ಈ ಚೌಕಾಸಿಯ ಸುತ್ತಲೇ.

2004ರಲ್ಲಿ ಕೇಂದ್ರ ಮಟ್ಟದಲ್ಲಿ ಸಂತ್ರಸ್ತರ ಹಕ್ಕಿನ ಕಾನೂನು ಬಂತು. ತಪ್ಪೊಪ್ಪಿಗೆ ತಗೊಳ್ಳುವಾಗ, ಶಿಕ್ಷೆ ಕೊಡುವಾಗ ಅವರ ಮಾತು ಕೇಳಬೇಕು. ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಶ್ರೀಮಂತ ಜೆಫ್ರಿ ಎಪ್‌ಸ್ಟೀನ್ ವಿಷಯ ಪೇಪರಿನಲ್ಲಿ ಓದಿರುತ್ತೀರಿ. 2007-08ರಲ್ಲಿ ಫ್ಲೋರಿಡಾದಲ್ಲಿ ಸರ್ಕಾರಿ ವಕೀಲರು ಅವನ ಜೊತೆ ಒಳಒಪ್ಪಂದ ಮಾಡಿಕೊಂಡರು, ಹುಡುಗಿಯರಿಗೆ ಹೇಳಲೇ ಇಲ್ಲ. 2019ರಲ್ಲಿ ಒಬ್ಬ ಜಡ್ಜ್ ಇದು ಕಾನೂನು ಉಲ್ಲಂಘನೆ ಅಂದರು. 2021ರಲ್ಲಿ ಮೇಲಿನ ಕೋರ್ಟು, ಕೇಂದ್ರದ ಕೇಸೇ ದಾಖಲಾಗದೆ ಇದ್ದದ್ದರಿಂದ ಆ ಕಾನೂನಿನಡಿ ದಾವೆ ಹೂಡೋಕೆ ಬರೋದಿಲ್ಲ ಅಂತ ಹೇಳಿತು. ನಡುವೆ 2015ರಲ್ಲಿ, ಒಪ್ಪಂದ ಆಗುತ್ತಿದ್ದರೆ ಸಕಾಲಕ್ಕೆ ತಿಳಿಸಬೇಕು ಅಂತ ತಿದ್ದುಪಡಿಯೂ ಬಂದಿತ್ತು.

ಇಷ್ಟೆಲ್ಲ ಆದರೂ ಇಲ್ಲಿ ಸಂತ್ರಸ್ತರು ಚೌಕಾಸಿಯ ಟೇಬಲ್ಲಿಗೆ ಕೂರೋದಿಲ್ಲ. ಸರ್ಕಾರಿ ವಕೀಲರು ತೀರ್ಮಾನ ಮಾಡ್ತಾರೆ, ಇವರು ಕೋರ್ಟಿನಲ್ಲಿ ಎದ್ದು ನಿಂತು ಮಾತಾಡಬಹುದು, ಅಷ್ಟೇ. ಕಾಗದದ ಮೇಲೆ ನಮ್ಮ ದೇಶದ್ದೇ ಒಂದು ಹೆಜ್ಜೆ ಮುಂದಿದೆ.

ಚಿಗರಿ_ಪ್ರಯಾಣಿಕ
ಕಾಗದದ ಮೇಲೆ ಹುಬ್ಬಳ್ಳಿ-ಧಾರವಾಡದ ಗಬ್ಬೂರು-ನರೇಂದ್ರ ಬೈಪಾಸೂ ಅಗಲವಾಗಿತ್ತು.

ಗಿರ್ಮಿಟ್_ಪ್ರೇಮಿ
😂 ಆ ಬೈಪಾಸಿನ ಮಾತು ತೆಗೀಬೇಡಿ. ಎರಡು ಪಟ್ಟಿಯ ರಸ್ತೆ, ನಡುವೆ ಡಿವೈಡರ್ ಇರಲಿಲ್ಲ, ಅದಕ್ಕೆ ಟೋಲು ಬೇರೆ ಇತ್ತು. ಎಷ್ಟು ಮನೆ ಹಾಳಾದವು.

ರಾಣೆಬೆನ್ನೂರು_ಲೋಡ್
ರಾತ್ರಿ ಅಲ್ಲಿ ಎದುರಿನ ಲೈಟು ಕಣ್ಣಿಗೆ ಹೊಡೆದರೆ ಏನೂ ಕಾಣುತ್ತಿರಲಿಲ್ಲ. ಆರು ಪಟ್ಟಿ ಮಾಡೋಕೆ ಶುರು ಮಾಡಿದ ಮೇಲೆ ಕೆಲಸದ ಡೈವರ್ಷನ್ನೇ ಇನ್ನೊಂದು ತಲೆನೋವಾಯ್ತು.

ಬ್ಯಾಡಗಿ_ಖಾರ
ರಸ್ತೆ ಬಿಡ್ರಪ್ಪ, ಹುಡುಗನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅವರಪ್ಪ ಬೇಡ ಅಂದರೆ ನಿಲ್ಲುತ್ತಾ ಇಲ್ವಾ?

ಕರಿಕೋಟು
ನನ್ನ ಅಭಿಪ್ರಾಯದಲ್ಲಿ ನಿಲ್ಲುತ್ತದೆ. ಕಾನೂನು ಕೇಳೋದು ಎಲ್ಲರಿಗೂ ಒಪ್ಪಿಗೆಯಾಗುವ ತೀರ್ಮಾನ. ಆ ವರದಿಗೆ ಜಡ್ಜ್ ಜೊತೆಗೆ ಸಭೆಯಲ್ಲಿದ್ದ ಎಲ್ಲರೂ ಸಹಿ ಮಾಡಬೇಕು. ಸಂತ್ರಸ್ತ ಸಹಿ ಮಾಡದಿದ್ದರೆ ಒಪ್ಪಿಗೆ ಎಲ್ಲಿ ಬಂತು? ಒಪ್ಪಂದ ಆಗಲಿಲ್ಲ ಅಂತ ಬರೆದು ಕೇಸು ಮುಂದುವರಿಸಬೇಕು.

ಧಾರವಾಡ_ಬೆಂಚ್
ಸರ್, ಅಷ್ಟು ಸಲೀಸಾಗಿ ಹೇಳಬೇಡಿ. ಕಾನೂನಿನಲ್ಲಿ ಸಂತ್ರಸ್ತ ಬೇಡ ಅಂದರೆ ಬಿದ್ದುಹೋಗುತ್ತೆ ಅಂತ ಎಲ್ಲೂ ಬಿಡಿಸಿ ಬರೆದಿಲ್ಲ. ನೋಟಿಸು ತಲುಪಿಯೂ ಬಾರದೆ ಕೂತರೆ? ಸಹಿ "ಸಭೆಯಲ್ಲಿ ಭಾಗವಹಿಸಿದವರದ್ದು". ಬಾರದವನ ಸಹಿ ಬೇಕಿಲ್ಲ ಅಂತ ಆರೋಪಿ ಕಡೆಯವರು ವಾದ ಮಾಡೇ ಮಾಡ್ತಾರೆ.

ಕರಿಕೋಟು
ಅದಕ್ಕೇ ಹೋಗಿ ಕೂರಬೇಕು ಅನ್ನೋದು ಮೇಡಂ. ಮನೆಯಲ್ಲಿ ಕೂತು ಬೇಡ ಅನ್ನೋದು ಬೇರೆ, ಸಭೆಗೆ ಬಂದು ಯಾಕೆ ಬೇಡ ಅಂತ ಬರೆಸೋದು ಬೇರೆ.

ಧಾರವಾಡ_ಬೆಂಚ್
ಇದನ್ನು ಒಪ್ತೀನಿ. ಇನ್ನೊಂದು, ಅಪೀಲಿನ ವಿಷಯ. ಮಾಮೂಲಿ ಕೇಸಿನಲ್ಲಿ ಆರೋಪಿ ಖುಲಾಸೆಯಾದರೆ ಸಂತ್ರಸ್ತ ಅಪೀಲು ಹೋಗಬಹುದು, ಪರಿಹಾರ ಕಡಿಮೆ ಆಯಿತು ಅಂತಲೂ ಹೋಗಬಹುದು. ಖುಲಾಸೆ ವಿರುದ್ಧ ಹೋಗೋದಕ್ಕೆ ಹೈಕೋರ್ಟಿನ ಅನುಮತಿಯೂ ಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೂ ಕರ್ನಾಟಕದ್ದೇ ಕೇಸು, ಮಲ್ಲಿಕಾರ್ಜುನ ಕೊಡಗಲಿ. ಆದರೆ ಪ್ಲೀ ಬಾರ್ಗೇನಿಂಗ್ ತೀರ್ಪಿಗೆ ಅಪೀಲು ಇಲ್ಲ, ಕಲಂ 295. ಉಳಿಯೋದು ಹೈಕೋರ್ಟಿಗೆ ರಿಟ್, ಇಲ್ಲ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ. ನೇಕಾರರ ಮನೆಯಿಂದ ಅಲ್ಲಿಗೆ ಯಾರು ಹೋಗ್ತಾರೆ? ಮಾತಾಡೋದಿದ್ದರೆ ಆ ಸಭೆಯಲ್ಲೇ ಆಡಬೇಕು.

ಯಾರಾದರೂ "ನೀವ್ಯಾರು ಕೇಳೋಕೆ" ಅಂದರೆ 2022ರ ಜಗಜೀತ್ ಸಿಂಗ್ ತೀರ್ಪು ತೋರಿಸಿ, ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ರೈತರ ಮೇಲೆ ಗಾಡಿ ಹರಿದ ಕೇಸು. ತನಿಖೆಯಿಂದ ಅಪೀಲಿನವರೆಗೆ ಪ್ರತಿ ಹಂತದಲ್ಲೂ ಸಂತ್ರಸ್ತನ ಮಾತು ಕೇಳಬೇಕು ಅಂತಿದೆ.

ಬೆಟಗೇರಿ_ಹುಡುಗ
ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಆ ಕೊನೆ ಸಾಲಿನ ಬಗ್ಗೆ ಹೇಳಿ ಸರ್, "ಯಾವ ತಕರಾರೂ ಇರುವುದಿಲ್ಲ" ಅನ್ನೋದು. ಇನ್ಶೂರೆನ್ಸ್ ಕ್ಲೇಮಿಗೆ ತೊಂದರೆ ಆಗುತ್ತಾ?

ಕರಿಕೋಟು
ಆ ಸಾಲು ಇರಲೇಬಾರದು. ಇನ್ಶೂರೆನ್ಸ್ ಕ್ಲೇಮು ಮೋಟಾರು ವಾಹನ ಕಾಯ್ದೆಯದ್ದು, ದಾರಿಯೇ ಬೇರೆ. ಡ್ರೈವರಿಗೆ ಶಿಕ್ಷೆ ಆಗಲಿ ಬಿಡಲಿ, ಟ್ರಿಬ್ಯೂನಲ್ ತಾನೇ ಸಾಕ್ಷಿ ನೋಡಿ ತೀರ್ಮಾನ ಮಾಡುತ್ತದೆ. ಆದರೆ "ಪೂರ್ತಿ ಪರಿಹಾರ ಮುಟ್ಟಿದೆ, ಇನ್ನೇನೂ ಬೇಡ" ಅಂತ ನಿಮ್ಮಪ್ಪನ ಸಹಿ ಇರುವ ಹಾಳೆ ಇನ್ಶೂರೆನ್ಸ್ ವಕೀಲರ ಕೈಗೆ ಸಿಕ್ಕರೆ ಅವರು ಸುಮ್ನೆ ಬಿಡ್ತಾರಾ? ವರದಿಯಲ್ಲಿ "ಈ ಮೊತ್ತ ಕ್ರಿಮಿನಲ್ ಕೇಸಿಗೆ ಮಾತ್ರ ಸಂಬಂಧಿಸಿದ್ದು, ಕ್ಲೇಮು ಅರ್ಜಿಗೆ ಬಾಧಕವಿಲ್ಲ" ಅಂತ ಬರೆಸಿ.

ಉಳಿದವರೂ ಗಮನಿಸಿ: 2022ರ ಏಪ್ರಿಲ್‌ನಿಂದ ಕ್ಲೇಮು ಅರ್ಜಿಗೆ ಅಪಘಾತವಾದ ಆರು ತಿಂಗಳ ಗಡುವು ಇದೆ. ಕ್ರಿಮಿನಲ್ ಕೇಸು ಮುಗಿಯಲಿ ಅಂತ ಕಾಯಬೇಡಿ.

ಮಾಸ್ತರ್_ಹಾವೇರಿ
ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟಿನ ಆವರಣದಲ್ಲೇ ಇರುತ್ತದೆ. 15100ಕ್ಕೂ ಫೋನ್ ಮಾಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. ಕಾಲಿನ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದ್ದೀರಾ ತಮ್ಮಾ?

ಬೆಟಗೇರಿ_ಹುಡುಗ
ಕ್ಲೇಮಿಗೆ ಅಂತ ಮಾಡಿಸಿದ್ದೇವೆ ಸರ್. ನಾಳೆಯೇ ಹೋಗ್ತೀನಿ.

ಗಿರ್ಮಿಟ್_ಪ್ರೇಮಿ
ಹೋಗಿ ಬಂದು ಏನಾಯ್ತು ಅಂತ ಬರೀರಿ. ಎಷ್ಟೋ ಜನ ಸಲಹೆ ತಗೊಂಡು ಮಾಯ ಆಗ್ತಾರೆ.

ಬೆಟಗೇರಿ_ಹುಡುಗ
ಬರೆಯುತ್ತಿದ್ದೇನೆ ಗಿರ್ಮಿಟ್ ಕಾಕಾ. ಪ್ರಾಧಿಕಾರದಿಂದ ಒಬ್ಬ ವಕೀಲ ಮೇಡಂ ಕೊಟ್ಟಿದ್ದಾರೆ. ಅವರು ಮೆಮೋ ಹಾಕಿದರು: ಸಂತ್ರಸ್ತನಿಗೆ ನೋಟಿಸು ಮುಟ್ಟಿಲ್ಲ, ಸಭೆ ಆಗಿಲ್ಲ, ಸರ್ಕಾರಿ ವಕೀಲರಿಗೆ ನೆರವಾಗಲು ಅನುಮತಿ ಕೊಡಿ. ಜಡ್ಜ್ ಫೈಲು ತಿರುವಿ ನೋಡಿ ಅಪ್ಪನ ಹೆಸರಿಗೇ ಹೊಸ ನೋಟಿಸು ಮಾಡಿದರು.

ಮೊನ್ನೆ ಸಭೆ ಆಯಿತು. ಅಪ್ಪನಿಗೆ ಕುರ್ಚಿ ಕೊಟ್ಟರು. ಸರ್ಕಾರಿ ವಕೀಲರು "ನಿ‍ಮಗೇನು ಬೇಕು ಹೇಳಿ" ಅಂದಾಗ ಅಪ್ಪ ಮೊದಲು ದುಡ್ಡಿನ ಮಾತೇ ಎತ್ತಲಿಲ್ಲ. ಡ್ರೈವರ್ ಕಡೆ ತಿರುಗಿ "ಗುದ್ದಿದ ಮೇಲೆ ಗಾಡಿ ನಿಲ್ಲಿಸಿ ಇಳಿದೆಯಲ್ಲ, ಆಮೇಲೆ ಮತ್ತೆ ಯಾಕೆ ಹತ್ತಿ ಹೋದೆ?" ಅಂತ ಕೇಳಿದರು. ನನಗೇ ಈ ವಿಷಯ ಗೊತ್ತಿರಲಿಲ್ಲ. ಅವನು ಜನ ಹೊಡೀತಾರೆ ಅಂತ ಹೆದರಿ ಹೋದೆ ಅಂದ. ಅಪ್ಪ ಇನ್ನೇನೂ ಕೇಳಲಿಲ್ಲ.

ಆಮೇಲೆ ಲೆಕ್ಕಕ್ಕೆ ಬಂದರು. ಆಸ್ಪತ್ರೆ ಬಿಲ್ಲು ಕ್ಲೇಮಿನಲ್ಲಿ ಬರುತ್ತೆ, ಅದನ್ನು ಬಿಡಿ, ಕೋರ್ಟಿಗೆ ಓಡಾಡಿದ ಆಟೋ ಖರ್ಚು, ಇನ್ನೊಂದು ಆಪರೇಷನ್ ಆಗಿ ರಾಡ್ ತೆಗೆಯುವವರೆಗೆ ನೇಯೋಕೆ ಆಳಿಗೆ ಕೊಡುವ ಕೂಲಿ, ಇಷ್ಟು ಬೇಕು ಅಂದರು. ಡ್ರೈವರ್ ತನ್ನ ಕೈಲಾಗಲ್ಲ, ಮಾಲೀಕರನ್ನು ಕೇಳ್ತೀನಿ ಅಂದ. ಇನ್ನೊಂದು ದಿನ ಕೊಟ್ಟಿದ್ದಾರೆ. ಒಟ್ಟು 60 ದಿನದೊಳಗೆ ಮುಗಿಯಬೇಕಂತೆ.

ರಾಣೆಬೆನ್ನೂರು_ಲೋಡ್
ಜನ ಹೊಡೀತಾರೆ ಅನ್ನೋದು ಸುಳ್ಳಲ್ಲ ತಮ್ಮಾ. ಆದರೂ ಹತ್ತಿರದ ಸ್ಟೇಷನ್‌ಗಾದರೂ ಹೋಗಿ ಹೇಳಬೇಕಿತ್ತು. ಮಾಲೀಕರು ಬರದಿದ್ದರೆ ಆ ಹುಡುಗ ಎಲ್ಲಿಂದ ತರ್ತಾನೆ?

ಚಿಗರಿ_ಪ್ರಯಾಣಿಕ
ಒಪ್ಪಬೇಡಿ. ಕೇಸು ನಡೆಯಲಿ.

ಬೆಟಗೇರಿ_ಹುಡುಗ
ಅದು ಅಪ್ಪ ತೀರ್ಮಾನ ಮಾಡ್ತಾರೆ ಅಣ್ಣಾ. ಮಾಲೀಕರು ಬಂದು ಪಾಲು ಕೊಟ್ಟರೆ ಸಹಿ ಮಾಡ್ತೀನಿ, ಬರದಿದ್ದರೆ ಕೇಸು ನಡೆಯಲಿ ಅಂದಿದ್ದಾರೆ. ಜೈಲು ಬೇಕೇಬೇಕು ಅಂತ ಅವರಿಗಿಲ್ಲ.

ಕರಿಕೋಟು
ಸಹಿ ಮಾಡುವ ಮುನ್ನ ದುಡ್ಡು ಯಾವಾಗ, ಹೇಗೆ ಅಂತ ವರದಿಯಲ್ಲೇ ಬರಲಿ. ಚೆಕ್ ಬೇಡ, ಡಿಡಿ ಇಲ್ಲ ಕೋರ್ಟಿನಲ್ಲೇ ಠೇವಣಿ. ತೀರ್ಪನ್ನು ತೆರೆದ ನ್ಯಾಯಾಲಯದಲ್ಲಿ ಓದುತ್ತಾರೆ, ಆವತ್ತೂ ಅಪ್ಪನನ್ನು ಕರ್ಕೊಂಡು ಹೋಗಿ.

ಹಾನಗಲ್_ಅಕ್ಕ
ಕರಿಕೋಟು ಸರ್, ನನ್ನ ಕೇಸಿನಲ್ಲಿ ಈಗ ಏನಾದರೂ ಮಾಡೋಕೆ ಬರುತ್ತಾ? ಅವನು ದಂಡ ಕಟ್ಟಿ ಹೋಗಿ ಕೆಲವು ವರ್ಷ ಆಗಿದೆ.

ಕರಿಕೋಟು
ತೀರ್ಪಿನ ಪ್ರತಿ ನೋಡದೆ ಹೇಳೋದು ತಪ್ಪಾಗುತ್ತೆ ಅಕ್ಕಾರೇ. ಅದರಲ್ಲಿ ಪರಿಹಾರದ ಬಗ್ಗೆ ಏನಾದರೂ ಬರೆದಿದೆಯಾ ನೋಡಿ. ಹೆಸರು ಅಳಿಸಿ ಫೋಟೋ ತೆಗೆದು ನನಗೆ ಖಾಸಗಿಯಾಗಿ ಕಳಿಸಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ಸಿಎನ್‌ಆರ್ ನಂಬರ್ ಹಾಕಿದರೆ ಆದೇಶ ಸಿಗಬಹುದು.

ಹಾನಗಲ್_ಅಕ್ಕ
ಮಗಳು ಹುಡುಕಿ ಕೊಟ್ಟಳು. ಕಳಿಸಿದ್ದೇನೆ ನೋಡಿ.